ಐದು ಜನರ ಮನೆಗೆ ಹೊಸ ಕಾರು: ಎತ್ತರದ ಎಸ್‌ಯುವಿಯೋ, ಮೂರು ಸಾಲಿನ ಎಂಪಿವಿಯೋ?

ಮಳೆಹನಿ:
ನಮಸ್ಕಾರ ಎಲ್ಲರಿಗೂ. ಮನೆಗೆ ಹೊಸ ಕಾರು ತೆಗೆದುಕೊಳ್ಳಲು ಓಡಾಡುತ್ತಿದ್ದೇವೆ. ಈಗಿರುವುದು ಚಿಕ್ಕ ಹ್ಯಾಚ್‌ಬ್ಯಾಕ್. ಇಬ್ಬರಿಗೆ ಅದು ಧಾರಾಳವಾಗಿತ್ತು. ಈಗ ಮನೆಯಲ್ಲಿ ಐದು ಜನ. ನಾವಿಬ್ಬರು, ನಾಲ್ಕು ವರ್ಷದ ಮಗಳು, ಎಂಟು ತಿಂಗಳ ಮಗ, ಜೊತೆಗೆ ಅತ್ತೆ. ಅತ್ತೆಗೆ ಮಂಡಿನೋವು. ಸೀಟು ತಗ್ಗಿದ್ದರೆ ಏಳುವುದು ಕಷ್ಟ, ತೀರಾ ಎತ್ತರವಿದ್ದರೆ ಹತ್ತುವುದು ಕಷ್ಟ. ಹಿಂದೆ ಎರಡು ಚೈಲ್ಡ್ ಸೀಟ್ ಹಾಕಿದ ಮೇಲೆ ನಡುವೆ ಉಳಿಯುವ ಜಾಗದಲ್ಲಿ ಸೊಂಟ ಓರೆ ಮಾಡಿಕೊಂಡು ಕೂರುತ್ತಾರೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಇಳಿದ ಮೇಲೆ ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ನನಗೆ ಅದನ್ನು ನೋಡಲು ಆಗುವುದಿಲ್ಲ.

ನಮ್ಮವರಿಗೆ ಎತ್ತರದ ಎಸ್‌ಯುವಿ ಇಷ್ಟ. ನನಗೆ ಎಂಪಿವಿ, ಅಂದರೆ ಮನೆಮಂದಿಯೆಲ್ಲ ಕೂರುವ ವ್ಯಾನಿನಂಥ ಕಾರು, ಸರಿ ಅನ್ನಿಸುತ್ತಿದೆ. ಓಡಿಸುವುದು ಹೆಚ್ಚಾಗಿ ನಾನೇ. ದಿನಾ ಹತ್ತಿರದ ಓಡಾಟ, ಆಗಾಗ ದೂರದ ಪ್ರಯಾಣ. ಶೋರೂಮಿಗೆ ಹೋದರೆ ದೊಡ್ಡ ಪರದೆ, ಸನ್‌ರೂಫ್, ಬಣ್ಣ ಬದಲಿಸುವ ಲೈಟು ಇವನ್ನೇ ತೋರಿಸುತ್ತಾರೆ. ಆಫರ್ ಈ ವಾರಕ್ಕೇ ಮುಗಿಯುತ್ತದೆ ಅಂತ ಮೇಲಿಂದ ಮೇಲೆ ಫೋನು. ಏನು ನೋಡಬೇಕು, ಯಾವುದನ್ನು ಬಿಡಬೇಕು, ಯಾರಾದರೂ ಬಿಡಿಸಿ ಹೇಳುತ್ತೀರಾ?

ಗೇರ್‌ಗೆಳೆಯ:
ಎಸ್‌ಯುವಿ ತೆಗೆದುಕೊಳ್ಳಿ ಮೇಡಂ, ಯೋಚನೆಯೇ ಬೇಡ. ಎತ್ತರದಲ್ಲಿ ಕೂತರೆ ರಸ್ತೆ ಚೆನ್ನಾಗಿ ಕಾಣುತ್ತದೆ. ಹೊಂಡ ಗುಂಡಿಗೆ ತಳ ತಾಗುವುದಿಲ್ಲ. ಆಮೇಲೆ ಮಾರುವಾಗಲೂ ಬೇಡಿಕೆ ಇರುತ್ತದೆ.

ಸಂಜೆಗಾಳಿ:
ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆಯುತ್ತಿದೆ. ಈ ಎಳೆಯನ್ನು ಹಿಂಬಾಲಿಸುತ್ತೇನೆ.

ಹಿಂದಿನಸೀಟು:
ಮಳೆಹನಿ ಅವರೇ, ಎಸ್‌ಯುವಿ ಎಂಪಿವಿ ಜಗಳ ಆಮೇಲೆ ಇರಲಿ. ನಿಮ್ಮ ಮನೆಯ ಕಾರನ್ನು ತೀರ್ಮಾನ ಮಾಡಬೇಕಾದ್ದು ಹಿಂದಿನ ಸೀಟು. ಐದರಲ್ಲಿ ಮೂರು ಜನ ಅಲ್ಲೇ ಕೂರುವವರು, ಅಲ್ವಾ? ಹಾಗಾಗಿ ಎರಡೂ ಚೈಲ್ಡ್ ಸೀಟುಗಳನ್ನು ಹೊತ್ತುಕೊಂಡು, ಅತ್ತೆಯನ್ನೂ ಕರೆದುಕೊಂಡು ಶೋರೂಮಿಗೆ ಹೋಗಿ. ಅವರಿಗೆ ಬೇಸರವಾಗುತ್ತದೇನೋ ಅಂತ ಸಂಕೋಚ ಬೇಡ. ಕಾರು ಮಾರುವವರಿಗೆ ಇದು ತೀರಾ ಮಾಮೂಲಿ ಕೋರಿಕೆ.

ಮೊದಲು ಡ್ರೈವರ್ ಸೀಟನ್ನು ನಿಮ್ಮ ಕಾಲಿಗೆ ಸರಿಯಾಗಿ ಹೊಂದಿಸಿ. ಪಕ್ಕದ್ದನ್ನು ನಿಮ್ಮವರು ಹೊಂದಿಸಿಕೊಳ್ಳಲಿ. ಆಮೇಲೆ ಅವೆರಡನ್ನೂ ಅಲ್ಲಾಡಿಸಬೇಡಿ. ಈಗ ಮಗನ ಸೀಟನ್ನು ಹಿಂದೆ ಕೂರಿಸಿ. ಎಂಟು ತಿಂಗಳ ಮಗು ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು. ಆ ಸೀಟು ಉದ್ದಕ್ಕೆ ತುಂಬಾ ಜಾಗ ತಿನ್ನುತ್ತದೆ. ಎಷ್ಟೋ ಕಾರುಗಳಲ್ಲಿ ಅದನ್ನು ಹಾಕಬೇಕಾದರೆ ಮುಂದಿನ ಸೀಟನ್ನು ಮುಂದಕ್ಕೆ ತಳ್ಳಲೇಬೇಕು. ಆಗ ಮುಂದೆ ಕೂತವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಜಾಹೀರಾತಿನಲ್ಲಿ ಹಿಂದೆ ವಿಶಾಲವಾಗಿ ಕಾಣುವ ಕಾರು ಇಲ್ಲಿ ಸಿಕ್ಕಿಬೀಳುತ್ತದೆ.

ಎರಡೂ ಸೀಟು ಕೂತ ಮೇಲೆ ಅತ್ತೆ ಹತ್ತಿ ಕೂರಲಿ. ಬೆಲ್ಟ್ ಅವರೇ ಹಾಕಿಕೊಳ್ಳಲಿ. ನಡುವಿನ ಸೀಟಿನ ಬಕಲ್ ಚೈಲ್ಡ್ ಸೀಟಿನ ಅಡಿಗೆ ಹೋಗಿ ಕೈಗೆ ಸಿಗದಿದ್ದರೆ ಆ ಕಾರು ನಿಮಗಲ್ಲ. ಅಷ್ಟೇ.

ಇಬ್ಬರಮಕ್ಕಳಮ್ಮ:
ಹಿಂದಿನಸೀಟು ಹೇಳಿದ್ದು ನೂರಕ್ಕೆ ನೂರು ನಿಜ. ಇದಕ್ಕೆ ಐಸೋಫಿಕ್ಸ್ ಮಾತನ್ನೂ ಸೇರಿಸುತ್ತೇನೆ. ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಕಡೆ ಕೈ ತೂರಿಸಿ ನೋಡಿ, ಎರಡು ಕಬ್ಬಿಣದ ಕೊಂಡಿಗಳು ಸಿಗುತ್ತವೆ. ಎರಡರ ನಡುವೆ 280 ಮಿಲಿಮೀಟರ್ ಅಂತರ. ಚೈಲ್ಡ್ ಸೀಟಿನ ಎರಡು ಹಲ್ಲು ಅಲ್ಲಿಗೆ ಕಚ್ಚಿಕೊಳ್ಳುತ್ತವೆ. ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ನೇರ ಕಾಣುತ್ತವೆ. ಇನ್ನು ಕೆಲವದರಲ್ಲಿ ಸೀಟಿನ ಬಟ್ಟೆಯ ಸಂದಿಯಲ್ಲಿ ಹೂತುಹೋಗಿರುತ್ತವೆ, ಬೆರಳು ತರಚುವಷ್ಟು. ದಿನಾ ತೆಗೆದು ಹಾಕುವವರಿಗೆ ಇದು ಸಣ್ಣ ವಿಷಯವಲ್ಲ.

ಮೂರನೆಯ ಆಧಾರವೂ ಬೇಕು. ಒಂದೋ ಒರಗಿನ ಹಿಂದೆ ಪಟ್ಟಿ ಬಿಗಿಯುವ ಟಾಪ್ ಟೆದರ್, ಇಲ್ಲವೇ ನೆಲಕ್ಕೆ ಊರುವ ಕಾಲು. ಡಿಕ್ಕಿಯಲ್ಲಿ ಸಾಮಾನು ಕಟ್ಟಲು ಇರುವ ಕೊಕ್ಕೆಯನ್ನೇ ಟೆದರ್ ಅಂದುಕೊಂಡು ಕಟ್ಟಿದವರನ್ನು ನೋಡಿದ್ದೇನೆ. ಅದು ಆ ಭಾರಕ್ಕೆ ಮಾಡಿದ್ದಲ್ಲ. ಟೆದರ್ ಇರುವ ಕಡೆ ಲಂಗರಿನ ಗುರುತು ಇರುತ್ತದೆ, ಮ್ಯಾನುಯಲ್‌ನಲ್ಲಿ ಚಿತ್ರವೂ ಇರುತ್ತದೆ. ಊರುಗಾಲಿನ ಸೀಟಾದರೆ ಕಾರಿನ ನೆಲದಲ್ಲಿ ಸಾಮಾನಿಡುವ ಟೊಳ್ಳು ಪೆಟ್ಟಿಗೆ ಇದೆಯೇ ನೋಡಿ. ಅದರ ಮುಚ್ಚಳದ ಮೇಲೆ ಕಾಲು ಊರುವ ಹಾಗಿಲ್ಲ.

ಇನ್ನೊಂದು. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಚಾಲೂ ಇದ್ದರೆ ಹಿಂದಕ್ಕೆ ಮುಖ ಮಾಡುವ ಸೀಟನ್ನು ಅಲ್ಲಿ ಯಾವತ್ತೂ ಇಡಬೇಡಿ. ಬ್ಯಾಗ್ ಉಬ್ಬುವ ರಭಸ ನೇರ ಮಗುವಿನ ತಲೆಯ ಹಿಂದೆ ಬೀಳುತ್ತದೆ.

ಗೇರ್‌ಗೆಳೆಯ:
ಒಪ್ಪಿದೆ. ಆದರೂ ಎತ್ತರದ ಗಾಡಿಯಲ್ಲಿ ಮಗುವನ್ನು ಸೀಟಿಗೆ ಕೂರಿಸುವಾಗ ಬೆನ್ನು ಬಗ್ಗಿಸುವುದು ಕಡಿಮೆ. ಅದೂ ಲೆಕ್ಕಕ್ಕೆ ಬರಬೇಕು.

ಇಬ್ಬರಮಕ್ಕಳಮ್ಮ:
ಬರಬೇಕು, ನಿಜ. ನನ್ನ ಬೆನ್ನೂ ಅದನ್ನೇ ಹೇಳುತ್ತದೆ. ಆದರೆ ಎಂಪಿವಿಯ ಸೀಟೂ ಎತ್ತರಕ್ಕೇ ಇರುತ್ತದೆ ಸರ್. ಜೊತೆಗೆ ಜಾರುವ ಬಾಗಿಲು ಇದ್ದರೆ ಪಕ್ಕದಲ್ಲಿ ಗಾಡಿ ನಿಂತಿದ್ದರೂ ಪೂರ್ತಿ ತೆರೆಯುತ್ತದೆ. ಮಗುವನ್ನು ಎತ್ತಿಕೊಂಡು ಬಾಗಿಲಿನ ಸಂದಿಯಲ್ಲಿ ನುಸುಳುವ ಕಷ್ಟ ಇಲ್ಲ.

ಹಳೇಚಾಲಕ:
ನನಗೂ ಮಂಡಿನೋವಿದೆ, ಅದಕ್ಕೇ ಬರೆಯುತ್ತಿದ್ದೇನೆ. ವಯಸ್ಸಾದವರಿಗೆ ಒಳ್ಳೆಯ ಎತ್ತರ ಯಾವುದು ಅಂದರೆ, ಬಾಗಿಲ ಬಳಿ ನಿಂತಾಗ ಸೀಟು ಪೃಷ್ಠದ ಮಟ್ಟಕ್ಕೆ ಅಥವಾ ಅದಕ್ಕಿಂತ ಕೊಂಚ ಕೆಳಗೆ ಇರಬೇಕು. ಹಿಂದಕ್ಕೆ ಕೂತು ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳುವಂತಿರಬೇಕು. ಕಾಲೆತ್ತಿ ಹತ್ತಬೇಕಾದರೆ ಮಂಡಿ ತಡೆಯುವುದಿಲ್ಲ. ದೊಡ್ಡ ಎಸ್‌ಯುವಿಗಳಲ್ಲಿ ಹತ್ತುವ ಅಂಚು ಅಗಲವೂ ಇರುತ್ತದೆ. ಅದನ್ನು ದಾಟಿ ಕಾಲಿಡಬೇಕು. ಮಳೆಗಾಲದಲ್ಲಿ ಅದೇ ಅಂಚಿನ ಕೆಸರು ಸೀರೆಗೆ, ಪ್ಯಾಂಟಿಗೆ ಒರೆಸಿಕೊಳ್ಳುತ್ತದೆ.

ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಮೇಲೆ ಹಿಡಿದುಕೊಳ್ಳಲು ಹಿಡಿ ಇದೆಯೇ, ಚಾವಣಿಗೆ ತಲೆ ತಾಗುತ್ತದೆಯೇ, ಇಷ್ಟು ನೋಡಿ. ಮತ್ತೆ ಅತ್ತೆಯವರನ್ನು ಒಮ್ಮೆ ಕೂರಿಸಿ ಇಳಿಸಿದರೆ ಸಾಲದು. ಅರ್ಧ ಗಂಟೆ ಓಡಾಡಿಸಿ ಆಮೇಲೆ ಇಳಿಸಿ. ಮಂಡಿ ಬಿಗಿದಿರುವಾಗ ಇಳಿಯುವುದೇ ನಿಜವಾದ ಪರೀಕ್ಷೆ.

ಹಿಂದಿನಸೀಟು:
ಹಳೇಚಾಲಕರು ಹೇಳಿದ್ದರಿಂದ ನನಗೊಂದು ಹೊಳೆಯಿತು. ಮಳೆಹನಿ ಅವರೇ, ಅತ್ತೆಯವರೇ ಮುಂದಿನ ಸೀಟಿನಲ್ಲಿ ಕೂರಬಾರದೇಕೆ? ಮುಂದಿನ ಬಾಗಿಲು ಅಗಲ, ಕಾಲು ಚಾಚಲು ಜಾಗ, ಸೀಟನ್ನು ಹಿಂದೆ ಮುಂದೆ ಮಾಡಬಹುದು. ನಿಮ್ಮವರು ಮಕ್ಕಳ ಜೊತೆ ಹಿಂದೆ ಕೂರಲಿ.

ಸಂಜೆಗಾಳಿ:
ನಮ್ಮ ಮಾವನವರು ಈಗ ಮುಂದೆಯೇ ಕೂರುವುದು. ಮೊದಲು ಬೇಡ ಬೇಡ ಅಂದರು. ಈಗ ದಾರಿಯುದ್ದಕ್ಕೂ ಹಳೆಯ ಕಥೆ ಹೇಳುತ್ತಾ ಬರುತ್ತಾರೆ.

ಮಳೆಹನಿ:
ಅಯ್ಯೋ, ಇದು ನಮಗೆ ಹೊಳೆದೇ ಇರಲಿಲ್ಲ. ಇಷ್ಟು ಬೇಗ ಇಷ್ಟೊಂದು ಜನ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಮ್ಮವರಿಗೂ ಎಳೆಯನ್ನು ಓದಲು ಕೊಟ್ಟಿದ್ದೇನೆ. "ಹಾಗಾದರೆ ಹಿಂದೆ ನನಗೆ ಜಾಗ ಬೇಕಲ್ಲ, ಮೂರು ಸಾಲಿನದ್ದೇ ನೋಡೋಣ" ಅಂದರು! ಆದರೆ ಏಳು ಸೀಟಿನ ಗಾಡಿ ಅಂದರೆ ಏಳೂ ಸೀಟು ನಿಜವಾಗಿ ಉಪಯೋಗಕ್ಕೆ ಬರುತ್ತವೆಯೇ?

ಗೇರ್‌ಗೆಳೆಯ:
ಬರುವುದಿಲ್ಲ! ಎಂಪಿವಿ ಬೇಡ ಅಂತ ನಾನು ಹೇಳುವುದು ಅದಕ್ಕೇ. ಮೂರನೆಯ ಸಾಲಿಗೆ ಹೋಗಬೇಕಾದರೆ ಎರಡನೆಯ ಸಾಲಿನ ಸೀಟನ್ನು ಮಡಚಿ ಉರುಳಿಸಬೇಕು. ಅದರ ಮೇಲೆ ಚೈಲ್ಡ್ ಸೀಟ್ ಬಿಗಿದಿದ್ದರೆ ಮಡಚಲು ಬರುವುದೇ ಇಲ್ಲ. ಆಮೇಲೆ ಹಿಂದಕ್ಕೆ ಹೋಗುವವರು ಡಿಕ್ಕಿಯಿಂದ ಹತ್ತಬೇಕಾ? ಮೂರನೆಯ ಸಾಲು ಎತ್ತಿ ನಿಲ್ಲಿಸಿದರೆ ಡಿಕ್ಕಿಯಲ್ಲಿ ಎರಡು ಕೈಚೀಲ ಇಡುವಷ್ಟು ಜಾಗ ಉಳಿಯುತ್ತದೆ.

ಹಿಂದಿನಸೀಟು:
ನೀವು ಹೇಳಿದ ತೊಂದರೆ ನಿಜ. ಆದರೆ ಅದು ಎಲ್ಲ ಎಂಪಿವಿಗೂ ಅನ್ವಯಿಸುವುದಿಲ್ಲ, ಮೂರು ಸಾಲಿನ ಎಸ್‌ಯುವಿಗೂ ಅದೇ ತೊಂದರೆ ಇದೆ. ಮೂರು ಥರ ಬರುತ್ತವೆ. ಎರಡನೆಯ ಸಾಲು ಒಂದೇ ಬೆಂಚಾಗಿದ್ದರೆ ನೀವು ಹೇಳಿದ ಹಾಗೇ ಆಗುತ್ತದೆ. ನಡುವೆ ದಾರಿ ಬಿಟ್ಟು ಎರಡು ಬಿಡಿ ಸೀಟು ಇದ್ದರೆ ಚೈಲ್ಡ್ ಸೀಟ್ ತೆಗೆಯದೇ ನಡುವಿನಿಂದ ನಡೆದು ಹಿಂದಕ್ಕೆ ಹೋಗಬಹುದು. ಮೂರು ಬಿಡಿ ಸೀಟು ಪಕ್ಕಪಕ್ಕ ಇದ್ದು ಮೂರಕ್ಕೂ ಐಸೋಫಿಕ್ಸ್ ಇದ್ದರೆ ಚಿಕ್ಕ ಮಕ್ಕಳ ಮನೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಮೂರನೆಯ ಸಾಲನ್ನು ಮಡಚಿಯೇ ಇಟ್ಟುಬಿಡಬಹುದು.

ಮೂರನೆಯ ಸಾಲಿನಲ್ಲಿ ಯಾರನ್ನಾದರೂ ಕೂರಿಸುವ ಮುಂಚೆ ಪಕ್ಕದ ಕರ್ಟನ್ ಏರ್‌ಬ್ಯಾಗ್ ಅಲ್ಲಿಯವರೆಗೂ ಬರುತ್ತದೆಯೇ ಕೇಳಿ. ಕೆಲವು ಗಾಡಿಗಳಲ್ಲಿ ಎರಡನೆಯ ಸಾಲಿಗೇ ನಿಲ್ಲುತ್ತದೆ. ಹಿಂದೆ ಎಸಿ ಗಾಳಿ ಬರುತ್ತದೆಯೇ, ತಲೆಯ ಹಿಂದೆ ಹೆಡ್‌ರೆಸ್ಟ್ ಎತ್ತರಿಸಲು ಆಗುತ್ತದೆಯೇ, ಅದನ್ನೂ ನೋಡಿ.

ವಾಹನಪ್ರಿಯ:
ಒಂದು ಮಾತು. ಸಂಸಾರದ ಜನ ಎಂಪಿವಿ ಹಿಂದೆ ಬಿದ್ದದ್ದು 1984ರ ಸುಮಾರಿಗೆ. ಅಮೆರಿಕದಲ್ಲಿ 1984ರ ಮಾಡೆಲ್ ಆಗಿ ಬಂದ ಡಾಜ್ ಕ್ಯಾರವಾನ್, ಅದೇ ವರ್ಷ ಯುರೋಪಿನಲ್ಲಿ ರೆನೋ ಎಸ್ಪಾಸ್. ನೆಲ ಸಪಾಟು, ಚಾವಣಿ ಎತ್ತರ, ಸೀಟು ತೆಗೆದು ಹಾಕುವ ಅನುಕೂಲ. ಆಮೇಲೆ ಎಸ್‌ಯುವಿಗಳ ಕಾಲ ಬಂತು. ಜನ ನೋಟಕ್ಕೆ ಮಾರುಹೋದರು. ಅಷ್ಟೇ ಉದ್ದದ ಗಾಡಿಯಲ್ಲಿ ಎಂಪಿವಿ ಕೊಡುವ ಜಾಗವನ್ನು ಎಸ್‌ಯುವಿ ಕೊಡುವುದಿಲ್ಲ. ಬಾನೆಟ್ ಉದ್ದ, ನೆಲ ಎತ್ತರ, ಎಲ್ಲವೂ ಒಳಗಿನ ಜಾಗವನ್ನೇ ತಿನ್ನುತ್ತವೆ.

ಗೇರ್‌ಗೆಳೆಯ:
ಸುರಕ್ಷತೆ? ದೊಡ್ಡ ಗಾಡಿ, ಗಟ್ಟಿ ಗಾಡಿ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಗ್ಯಾರೇಜ್‌ಕೈ:
ನಾನು ಮೆಕ್ಯಾನಿಕ್, ಅದರ ಬಗ್ಗೆ ಮಾತಾಡುತ್ತೇನೆ. ಎರಡು ಗಾಡಿ ಎದುರೆದುರು ಗುದ್ದಿದರೆ ಭಾರದ ಗಾಡಿಯಲ್ಲಿದ್ದವರಿಗೆ ಪೆಟ್ಟು ಕಡಿಮೆ, ಅದು ನಿಜ. ಆದರೆ ಎತ್ತರದ ಗಾಡಿಯ ಭಾರಕೇಂದ್ರ ಮೇಲಿರುತ್ತದೆ. ಥಟ್ಟನೆ ಪಕ್ಕಕ್ಕೆ ತಿರುಗಿಸಿದರೆ ಮಗುಚುವ ಅಪಾಯ ತಗ್ಗಿನ ಗಾಡಿಗಿಂತ ಜಾಸ್ತಿ. ಅದಕ್ಕೇ ಜಾರುವುದನ್ನು ತಡೆಯುವ ಇಎಸ್‌ಸಿ ವ್ಯವಸ್ಥೆ ಇಲ್ಲದ ಗಾಡಿಯನ್ನು, ಅದರಲ್ಲೂ ಎತ್ತರದ್ದನ್ನು, ಮುಟ್ಟಬೇಡಿ ಅನ್ನುತ್ತೇನೆ. ಗಾಡಿ ಜಾರಲು ಶುರುವಾದ ಕೂಡಲೇ ಅದು ಒಂದೊಂದು ಚಕ್ರಕ್ಕೆ ಬೇರೆಬೇರೆಯಾಗಿ ಬ್ರೇಕ್ ಹಾಕಿ ಹಾದಿಗೆ ತರುತ್ತದೆ. 1995ರಲ್ಲಿ ಮರ್ಸಿಡಿಸ್ ಬೆಂಜ್‌ನ ಎಸ್ ಕ್ಲಾಸ್‌ನಲ್ಲಿ ಬಂದದ್ದು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ.

ಬಾಗಿಲು ಬಡಿದಾಗ ಬರುವ ಸದ್ದು ಕೇಳಿ ಗಟ್ಟಿ ಅನ್ನುವವರು ಬಹಳ ಜನ. ಆ ಸದ್ದನ್ನು ರಬ್ಬರ್ ಪಟ್ಟಿ, ಬೀಗದ ಹೊಂದಿಕೆಯಿಂದ ಬೇಕಾದ ಹಾಗೆ ಮಾಡಬಹುದು. ಕ್ರ್ಯಾಶ್ ಟೆಸ್ಟ್ ನೋಡಿ, ಸದ್ದನ್ನಲ್ಲ.

ವಾಹನಪ್ರಿಯ:
ಕ್ರ್ಯಾಶ್ ಟೆಸ್ಟ್ ನೋಡುವಾಗ ಬರೀ ನಕ್ಷತ್ರ ಎಣಿಸಬೇಡಿ. ಯಾವ ವರ್ಷದ ಪರೀಕ್ಷೆ ಅಂತ ನೋಡಿ. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸಿ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ 1997ರಲ್ಲಿ ಶುರುವಾದಾಗಿನಿಂದ ನಿಯಮ ಬಿಗಿಯಾಗುತ್ತಲೇ ಬಂದಿದೆ. ಮೊದಲು ಗಾಡಿಯನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ನಿಂತ ಅಡ್ಡಗಟ್ಟೆಗೆ ಗುದ್ದಿಸುತ್ತಿದ್ದರು. 2020ರಿಂದ ಎದುರಿನಿಂದ ಬರುವ ತಡೆಯೂ 50ರಲ್ಲಿ, ಗಾಡಿಯೂ 50ರಲ್ಲಿ. ಹಳೆಯ ಐದು ನಕ್ಷತ್ರ, ಹೊಸ ಐದು ನಕ್ಷತ್ರ ಒಂದೇ ಅಲ್ಲ. ಒಂದೇ ಹೆಸರಿನ ಕಾರು ಬೇರೆ ದೇಶದಲ್ಲಿ ಬೇರೆ ಏರ್‌ಬ್ಯಾಗು, ಬೇರೆ ಬಲದ ಬಾಡಿಯೊಂದಿಗೆ ಮಾರಾಟವಾಗುವುದೂ ಉಂಟು. ನೀವು ಕೊಳ್ಳುವ ಕಡೆ ಮಾರುವ ಮಾಡೆಲ್ಲಿನ ಫಲಿತಾಂಶವನ್ನೇ ನೋಡಿ.

ನಿಮಗೆ ಮುಖ್ಯವಾದ್ದು ಮಕ್ಕಳ ಅಂಕ. ಅದನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ಯಾವ ಸೀಟಿನಲ್ಲಿ ಯಾವ ಥರದ ಚೈಲ್ಡ್ ಸೀಟ್ ಕೂರುತ್ತದೆ ಅನ್ನುವ ಪಟ್ಟಿಯೂ ವರದಿಯಲ್ಲೇ ಇರುತ್ತದೆ. ಶೋರೂಮಿಗೆ ಹೋಗುವ ಮುಂಚೆ ಆ ಒಂದು ಪುಟ ಓದಿದರೆ ಅರ್ಧ ಕೆಲಸ ಮುಗಿಯಿತು.

ಹಳೇಚಾಲಕ:
ಎಷ್ಟೇ ಏರ್‌ಬ್ಯಾಗ್ ಬಂದರೂ ಬೆಲ್ಟಿಗೆ ಸಮ ಯಾವುದೂ ಇಲ್ಲ. ವೋಲ್ವೋದ ನಿಲ್ಸ್ ಬೋಲಿನ್ 1959ರಲ್ಲಿ ಮೂರು ಬಿಂದುವಿನ ಬೆಲ್ಟ್ ತಂದರು. ಕಂಪನಿ ಆ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅಂಥ ಕೆಲಸವನ್ನು ನೆನೆಯಬೇಕು. ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು. ಹಾಕದವರು ಗುದ್ದಿದಾಗ ಮುಂದಿನವರ ಬೆನ್ನ ಮೇಲೆ ಬಂದು ಬೀಳುತ್ತಾರೆ. ಕೊಳ್ಳುವಾಗ ಹಿಂದಿನ ನಡುವಿನ ಸೀಟಿಗೂ ಮೂರು ಬಿಂದುವಿನದ್ದೇ ಇದೆಯೇ, ಸೊಂಟಕ್ಕೆ ಮಾತ್ರ ಸುತ್ತುವ ಹಳೆಯ ಥರದ್ದೇ ಅಂತ ನೋಡಿ.

ಮಿಂಚುಗಾಡಿ:
ಎಲ್ಲರೂ ಪೆಟ್ರೋಲ್ ಗಾಡಿ ಅಂತಲೇ ಮಾತಾಡುತ್ತಿದ್ದೀರಿ. ದಿನಾ ಹತ್ತಿರದ ಓಡಾಟ ಅಂದರೆ ಎಲೆಕ್ಟ್ರಿಕ್ಕೇ ಸರಿ. ರಾತ್ರಿ ಮನೆಯಲ್ಲೇ ಚಾರ್ಜ್. ಕ್ಲಚ್ ಇಲ್ಲ, ಗೇರ್ ಇಲ್ಲ, ಆಯಿಲ್ ಬದಲಿಸುವ ಗೋಜಿಲ್ಲ. ಮಗು ಮಲಗಿದ್ದರೆ ಎಚ್ಚರವೂ ಆಗುವುದಿಲ್ಲ.

ಗ್ಯಾರೇಜ್‌ಕೈ:
ಮನೆಯಲ್ಲಿ ಚಾರ್ಜ್ ಮಾಡುವ ಜಾಗ ಇದ್ದರೆ ನಿಮ್ಮ ಮಾತು ಸರಿ. ಇಲ್ಲದಿದ್ದರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಚಾರ್ಜರ್ ಮುಂದೆ ಕಾಯುವ ಮಾತಾಗುತ್ತದೆ. ಮೊದಲು ಆ ಪ್ರಶ್ನೆಗೆ ಉತ್ತರ ಬೇಕು.

ಬ್ಯಾಟರಿ ಯಾವ ಥರದ್ದು ಅಂತಲೂ ಕೇಳಿ. ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್) ಆದರೆ ಶೇಕಡಾ 100ರವರೆಗೆ ತುಂಬಿಸುವುದಕ್ಕೆ ಅಂಜಬೇಕಿಲ್ಲ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವುದು) ಆದರೆ ದಿನಬಳಕೆಗೆ ಸುಮಾರು ಶೇಕಡಾ 80ಕ್ಕೆ ನಿಲ್ಲಿಸಿ ಅಂತ ಕಂಪನಿಗಳೇ ಸಲಹೆ ಕೊಡುತ್ತವೆ. ಹಾಗಾಗಿ ದಿನಾ ಸಿಗುವ ದೂರವನ್ನು 80ರ ಲೆಕ್ಕದಲ್ಲೇ ಹಾಕಿಕೊಳ್ಳಿ. ಚಳಿಯಲ್ಲಿ ಇನ್ನೂ ಇಳಿಯುತ್ತದೆ. ಬ್ಯಾಟರಿಗೆ 8 ವರ್ಷ, 1,60,000 ಕಿಲೋಮೀಟರ್ ವಾರಂಟಿ ಸಾಮಾನ್ಯವಾಗಿ ಸಿಗುತ್ತದೆ. ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಅನ್ನುವುದನ್ನು ಕಾಗದದಲ್ಲಿ ಓದಿ.

ಮಳೆಹನಿ:
ನಮ್ಮದು ಅಪಾರ್ಟ್‌ಮೆಂಟ್. ಪಾರ್ಕಿಂಗ್ ಜಾಗಕ್ಕೆ ಚಾರ್ಜರ್ ಹಾಕಿಸಲು ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಹಾಗಾಗಿ ಸದ್ಯಕ್ಕೆ ಪೆಟ್ರೋಲ್ ಅಥವಾ ಹೈಬ್ರಿಡ್. ಡೀಸೆಲ್ ಮೈಲೇಜ್ ಜಾಸ್ತಿ ಅಂತ ಅಣ್ಣ ಹೇಳುತ್ತಿದ್ದಾನೆ.

ಗ್ಯಾರೇಜ್‌ಕೈ:
ನಿಮ್ಮ ಓಡಾಟಕ್ಕೆ ಡೀಸೆಲ್ ಬೇಡ ಮೇಡಂ. ಈಗಿನ ಡೀಸೆಲ್ ಗಾಡಿಗೆ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತ. ತುಂಬಿಕೊಂಡ ಮಸಿಯನ್ನು ಸುಡಲು ಸೈಲೆನ್ಸರ್ ದಾರಿ ಸುಮಾರು 600 ಡಿಗ್ರಿ ಬಿಸಿಯಾಗಬೇಕು. ಅದಕ್ಕೆ ಹೆದ್ದಾರಿಯಲ್ಲಿ ಒಂದೇ ಸಮ ಓಡಬೇಕು. ಶಾಲೆ, ಅಂಗಡಿ, ಮನೆ ಅಂತ ಚಿಕ್ಕ ಚಿಕ್ಕ ಓಡಾಟವೇ ಆದರೆ ಅದು ಸುಡುವ ಮುಂಚೆಯೇ ನೀವು ಗಾಡಿ ನಿಲ್ಲಿಸುತ್ತೀರಿ. ಫಿಲ್ಟರ್ ಕಟ್ಟಿಕೊಂಡು ಬರುವ ಗಾಡಿಗಳಿಗೆ ನಮ್ಮ ಗ್ಯಾರೇಜಿನಲ್ಲಿ ಕೊರತೆಯೇ ಇಲ್ಲ. ದೂರದ ಓಡಾಟವೇ ಜಾಸ್ತಿ ಇರುವವರಿಗೆ ಡೀಸೆಲ್ ಈಗಲೂ ಒಳ್ಳೆಯದು.

ಹೈಬ್ರಿಡ್ ನಿಮಗೆ ಹೊಂದುತ್ತದೆ. ನಿಂತು ನಿಂತು ಹೋಗುವ ಕಡೆಯೇ ಅದರ ಲಾಭ ಜಾಸ್ತಿ. ಬ್ರೇಕ್ ಹಾಕಿದಾಗ ಹಾಳಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಟೊಯೋಟಾ 1997ರಲ್ಲೇ ಪ್ರಿಯಸ್ ತಂದಿತು, ಅಂದರೆ ಇದು ಹೊಸ ಪ್ರಯೋಗವೇನಲ್ಲ. ಹೆಸರಿಗೆ ಮಾತ್ರ ಹೈಬ್ರಿಡ್ ಆಗಿರುವ ಮೈಲ್ಡ್ ಹೈಬ್ರಿಡ್‌ಗೂ ಪೂರ್ತಿ ಹೈಬ್ರಿಡ್‌ಗೂ ವ್ಯತ್ಯಾಸ ಇದೆ. "ಎಂಜಿನ್ ಆಫ್ ಆಗಿ ಬರೀ ಮೋಟಾರಿನಲ್ಲಿ ಚಕ್ರ ತಿರುಗುತ್ತದಾ?" ಅಂತ ಒಂದೇ ಪ್ರಶ್ನೆ ಕೇಳಿ. ಆಗ ಗೊತ್ತಾಗುತ್ತದೆ.

ಸಂಜೆಗಾಳಿ:
ಗ್ಯಾರೇಜ್‌ಕೈ ಅವರೇ, ಆಟೋಮ್ಯಾಟಿಕ್‌ನಲ್ಲೂ ನಾಲ್ಕೈದು ಥರ ಇವೆಯಂತೆ. ಯಾವುದು ಒಳ್ಳೆಯದು?

ಗ್ಯಾರೇಜ್‌ಕೈ:
ಹಳೆಯ ಟಾರ್ಕ್ ಕನ್ವರ್ಟರ್ ಗಟ್ಟಿ, ಮೆತ್ತಗೆ ಹೊರಡುತ್ತದೆ. ಗೇರಿನ ಹಂತಗಳೇ ಇಲ್ಲದ ಸಿವಿಟಿ ನುಣುಪು, ಜೋರಾಗಿ ಒತ್ತಿದರೆ ಎಂಜಿನ್ ಕೂಗುತ್ತದೆ. ಡ್ಯುಯಲ್ ಕ್ಲಚ್ ಚುರುಕು, ಆದರೆ ಒಣ ಕ್ಲಚ್ ಇರುವವು ಟ್ರಾಫಿಕ್‌ನಲ್ಲಿ ತೆವಳಿ ತೆವಳಿ ಬಿಸಿಯಾಗುತ್ತವೆ. ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವ ಎಎಂಟಿ ಅಗ್ಗ. ಗೇರ್ ಬದಲಾಗುವಾಗ ಒಂದು ಕ್ಷಣ ತಡೆದು ತಲೆ ಮುಂದಕ್ಕೆ ಬಾಗಿದ ಹಾಗಾಗುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಏರಿನಲ್ಲಿ ನಿಲ್ಲಿಸಿ ಹೊರಡಿ, ರಿವರ್ಸ್‌ನಲ್ಲಿ ನಿಧಾನವಾಗಿ ಏರು ಹತ್ತಿಸಿ. ಗೇರ್‌ಬಾಕ್ಸಿನ ಗುಣ ಅಲ್ಲೇ ತಿಳಿಯುತ್ತದೆ.

ಇಬ್ಬರಮಕ್ಕಳಮ್ಮ:
ಎಎಂಟಿಯ ಆ ತೂಗಾಟಕ್ಕೆ ನನ್ನ ದೊಡ್ಡವಳಿಗೆ ವಾಂತಿ ಬರುತ್ತಿತ್ತು. ಯಾರ ಮಕ್ಕಳಿಗಾದರೂ ಕಾರಿನಲ್ಲಿ ಹೀಗಾಗುತ್ತದೆಯೇ?

ಸಂಜೆಗಾಳಿ:
ನಮ್ಮವನಿಗೂ. ಟ್ಯಾಬ್ ನೋಡುವುದನ್ನು ಬಿಡಿಸಿದ ಮೇಲೆ ಎಷ್ಟೋ ಕಡಿಮೆಯಾಯಿತು.

ಹಿಂದಿನಸೀಟು:
ಕಣ್ಣು ಪರದೆಯ ಮೇಲೆ ನಿಂತಿರುತ್ತದೆ, ಕಿವಿಯ ಒಳಗಿನ ಸಮತೋಲನದ ಅಂಗ ಅಲುಗಾಟ ಹೇಳುತ್ತದೆ. ಆ ಗೊಂದಲಕ್ಕೇ ಹೊಟ್ಟೆ ತೊಳೆಸುವುದು. ಹೊರಗಿನ ದೂರದ ನೋಟ ಕಂಡರೆ ಸುಧಾರಿಸುತ್ತದೆ. ಇದೂ ಕಾರು ಆರಿಸುವ ವಿಷಯವೇ. ಈಗಿನ ಎಷ್ಟೋ ಎಸ್‌ಯುವಿಗಳಲ್ಲಿ ಹಿಂದಿನ ಕಿಟಕಿ ಹಿಂದಕ್ಕೆ ಹೋದಂತೆ ಮೇಲೇರಿ ಕಿರಿದಾಗುತ್ತದೆ. ಹೊರಗಿನಿಂದ ನೋಡಲು ಚೆಂದ. ಒಳಗೆ ಮಗುವಿಗೆ ಕಾಣುವುದು ಬಾಗಿಲಿನ ಪ್ಲಾಸ್ಟಿಕ್ ಮಾತ್ರ. ಮಗಳನ್ನು ಅವಳ ಸೀಟಿನಲ್ಲಿ ಕೂರಿಸಿ "ಹೊರಗೆ ಏನು ಕಾಣುತ್ತಿದೆ ಪುಟ್ಟಾ?" ಅಂತ ಕೇಳಿ.

ಮಿಂಚುಗಾಡಿ:
ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಬಿಸಿಲಿನಲ್ಲಿ ನಿಲ್ಲಿಸುವವರು ಬಿಳಿ ಅಥವಾ ಬೆಳ್ಳಿ ಬಣ್ಣ ತೆಗೆದುಕೊಳ್ಳಿ. ಕಪ್ಪು ಜಾಸ್ತಿ ಬಿಸಿ ಹೀರುತ್ತದೆ.

ಗೇರ್‌ಗೆಳೆಯ:
ಕಪ್ಪು ಗಾಡಿಯ ಗತ್ತೇ ಬೇರೆ ಸರ್. ಕಿಟಕಿಗೆ ಪರದೆ ಹಾಕಿದರೆ ಆಯಿತು.

ವಾಹನಪ್ರಿಯ:
ಗತ್ತು ನೋಡುವವರಿಗೆ, ಬಿಸಿ ಕೂರುವವರಿಗೆ.

ಮಾಡರೇಟರ್:
ಬಣ್ಣದ ಚರ್ಚೆಗೆ ದಯವಿಟ್ಟು ಬೇರೆ ಎಳೆ ತೆರೆಯಿರಿ. ಇಲ್ಲಿ ವಿಷಯಕ್ಕೆ ಬನ್ನಿ.

ಲೆಕ್ಕದಪುಸ್ತಕ:
ವಿಷಯಕ್ಕೆ ಬರುತ್ತೇನೆ. ಸಾಲದ ಮಾತು ಯಾರೂ ಎತ್ತಿಲ್ಲ. ಶೋರೂಮಿನಲ್ಲಿ "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಅಂತ ಕೇಳಿದರೆ ಉತ್ತರಿಸಬೇಡಿ. ಒಟ್ಟು ಬೆಲೆಯ ಮೇಲೆಯೇ ಮಾತಾಡಿ. ಕಂತನ್ನು ಎಷ್ಟು ಬೇಕಾದರೂ ಚಿಕ್ಕದಾಗಿ ತೋರಿಸಬಹುದು, ವರ್ಷ ಎಳೆದರೆ ಆಯಿತು. ವರ್ಷಕ್ಕೆ ಶೇಕಡಾ 10ರ ಬಡ್ಡಿಯಲ್ಲಿ 100 ಸಾಲ ಮಾಡಿ 5 ವರ್ಷದಲ್ಲಿ ತೀರಿಸಿದರೆ ಒಟ್ಟು ಸುಮಾರು 127.5 ಕಟ್ಟುತ್ತೀರಿ. ಅದನ್ನೇ 7 ವರ್ಷ ಮಾಡಿದರೆ ಸುಮಾರು 139.5. ಅಷ್ಟು ಹೊತ್ತಿಗೆ ಗಾಡಿಯ ಬೆಲೆ ಎಲ್ಲಿಗೋ ಇಳಿದಿರುತ್ತದೆ.

ಫ್ಲಾಟ್ ರೇಟ್ ಅನ್ನುವುದನ್ನು ಇನ್ನೂ ಹುಷಾರಾಗಿ ನೋಡಿ. ನೀವು ಅಸಲು ತೀರಿಸುತ್ತಾ ಹೋದರೂ ಬಡ್ಡಿಯನ್ನು ಮೊದಲ ದಿನದ ಪೂರ್ತಿ ಸಾಲದ ಮೇಲೇ ಹಾಕುತ್ತಾರೆ. 5 ವರ್ಷಕ್ಕೆ ಶೇಕಡಾ 7ರ ಫ್ಲಾಟ್ ಅಂದರೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ಹತ್ತಿರ ಹತ್ತಿರ 12.5 ಆಗುತ್ತದೆ. 7 ಕಡಿಮೆ, 10 ಜಾಸ್ತಿ ಅಂದುಕೊಂಡು ಸಹಿ ಹಾಕುವವರು ಎಷ್ಟು ಜನ! ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕಾದ್ದು ಸಾಲ ಕೊಡುವವರ ಕರ್ತವ್ಯ.

ನನ್ನ ತಂಗಿಗೆ ಒಂದು ಕಡೆ ಕೊಟೇಶನ್‌ನಲ್ಲಿ ಕೇಳದ ಸಾಮಾನೆಲ್ಲ ಸೇರಿಸಿದ್ದರು. ನೆಲದ ಮ್ಯಾಟು, ಬಣ್ಣಕ್ಕೆ ಲೇಪ, ಸೀಟ್ ಕವರ್, ಹೆಚ್ಚುವರಿ ವಾರಂಟಿ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು "ಇದು ಕಡ್ಡಾಯವೇ?" ಅಂತ ಕೇಳಿದಳು. ಒಂದೊಂದೇ ತೆಗೆದರು.

ಇಬ್ಬರಮಕ್ಕಳಮ್ಮ:
ಸೀಟ್ ಕವರ್ ಮಾತು ಬಂದಿದ್ದು ಒಳ್ಳೆಯದಾಯಿತು. ಸೀಟಿನ ಪಕ್ಕದಿಂದ ಏರ್‌ಬ್ಯಾಗ್ ಬರುವ ಕಾರಿಗೆ ಅದಕ್ಕಂತಲೇ ಹೊಲಿದ ಕವರ್ ಬೇಕು. ಸುಮ್ನೆ ಬಿಗಿಯಾಗಿ ಹೊದಿಸಿದರೆ ಬ್ಯಾಗ್ ಹೊರಬರಲು ತಡೆಯಾಗುತ್ತದೆ.

ಗೇರ್‌ಗೆಳೆಯ:
ಆಫರ್ ಮುಗಿಯುತ್ತದೆ ಅನ್ನುವುದನ್ನು ಮಾತ್ರ ನಂಬಬೇಡಿ. ಇದರಲ್ಲಿ ನಾನೂ ಎಲ್ಲರ ಜೊತೆ. ತಿಂಗಳ ಕೊನೆಗೆ, ವರ್ಷದ ಕೊನೆಗೆ, ಹೊಸ ಮಾಡೆಲ್ ಬರುವ ಮುಂಚೆ ಅವರಿಗೇ ಮಾರುವ ಒತ್ತಡ ಇರುತ್ತದೆ. ಇನ್ನೊಂದು ಶೋರೂಮಿನ ಕೊಟೇಶನ್ ಕೈಯಲ್ಲಿಟ್ಟುಕೊಂಡು ಹೋಗಿ.

ವಾಹನಪ್ರಿಯ:
ಡಿಕ್ಕಿಯ ಲೀಟರ್ ಲೆಕ್ಕ ಹೋಲಿಸುವಾಗ ಒಂದು ಎಚ್ಚರ. ಜರ್ಮನಿಯ ವಾಹನ ಉದ್ಯಮ ಸಂಘದ ವಿಡಿಎ ವಿಧಾನದಲ್ಲಿ 200, 100, 50 ಮಿಲಿಮೀಟರ್ ಅಳತೆಯ ಒಂದೊಂದು ಲೀಟರಿನ ಇಟ್ಟಿಗೆಗಳನ್ನು ಜೋಡಿಸಿ ಎಣಿಸುತ್ತಾರೆ. ಕೆಲವರು ಚಾವಣಿಯವರೆಗೆ ಅಳೆದ ಅಂಕಿ ಹೇಳುತ್ತಾರೆ, ಕೆಲವರು ನೆಲದ ಅಡಿಯ ಗುಳಿಯನ್ನೂ ಸೇರಿಸುತ್ತಾರೆ. ಲೀಟರ್ ಬಿಡಿ, ಮಗುವಿನ ತಳ್ಳುಗಾಡಿಯನ್ನು ಒಯ್ದು ಡಿಕ್ಕಿಯಲ್ಲಿ ಇಟ್ಟು ಬಾಗಿಲು ಹಾಕಿ ನೋಡಿ. ಸ್ಟೆಪ್ನಿ ಇದೆಯೇ ಅಂತಲೂ ಅಲ್ಲೇ ನೋಡಿ. ಈಗ ಎಷ್ಟೋ ಗಾಡಿಗೆ ಬರೀ ಪಂಕ್ಚರ್ ಕಿಟ್. ಹೈಬ್ರಿಡ್‌ಗಳಲ್ಲಂತೂ ಆ ಜಾಗಕ್ಕೆ ಬ್ಯಾಟರಿ ಬಂದಿರುವುದುಂಟು. ಕಿರಿದಾದ ತಾತ್ಕಾಲಿಕ ಸ್ಟೆಪ್ನಿ ಆದರೆ ಗಂಟೆಗೆ 80 ಕಿಲೋಮೀಟರ್ ಮೀರಬಾರದು.

ಹಳೇಚಾಲಕ:
ಟೆಸ್ಟ್ ಡ್ರೈವನ್ನು ಕತ್ತಲಾದ ಮೇಲೂ ಒಮ್ಮೆ ಕೇಳಿ. ಹೆಡ್‌ಲೈಟ್ ಹೇಗಿದೆ ಅಂತ ಹಗಲಲ್ಲಿ ತಿಳಿಯುವುದಿಲ್ಲ. ಅಮೆರಿಕದ ಐಐಎಚ್‌ಎಸ್ ಸಂಸ್ಥೆ 2016ರಿಂದ ಹೆಡ್‌ಲೈಟಿಗೇ ಬೇರೆ ಅಂಕ ಕೊಡುತ್ತಿದೆ, ಅಷ್ಟು ಮುಖ್ಯ ಅದು. ಎಸಿ, ವೈಪರ್, ಗಾಜಿನ ಮಂಜು ತೆಗೆಯುವ ಬಟನ್ ಕಣ್ಣು ರಸ್ತೆಯಿಂದ ತೆಗೆಯದೇ ಕೈಗೆ ಸಿಗಬೇಕು. ಎಲ್ಲವನ್ನೂ ಪರದೆಯ ಒಳಗೆ ಹೂತ ಗಾಡಿ ಓಡಿಸುವವರಿಗೆ ತೊಂದರೆ.

ಮಳೆಹನಿ:
ಹೋಗಿ ಬಂದೆವು! ಎರಡೂ ಚೈಲ್ಡ್ ಸೀಟು, ತಳ್ಳುಗಾಡಿ, ಅತ್ತೆ, ಮಕ್ಕಳು, ಎಲ್ಲ ಸೇರಿ. ಮೊದಲು ನೋಡಿದ ಎಸ್‌ಯುವಿಯಲ್ಲಿ ಮಗನ ಸೀಟು ಹಾಕಿದ ಮೇಲೆ ಮುಂದಿನ ಸೀಟು ನಿಜಕ್ಕೂ ಡ್ಯಾಶ್‌ಬೋರ್ಡಿನ ಹತ್ತಿರ ಹೋಯಿತು. ನಮ್ಮವರೇ "ಇದು ಬೇಡ" ಅಂದರು. ಆಮೇಲೆ ನಡುವೆ ದಾರಿ ಇರುವ ಹೈಬ್ರಿಡ್ ಎಂಪಿವಿ. ಅತ್ತೆ ಮುಂದೆ ಕೂತರು. ನಮ್ಮವರು ನಡುವಿನ ದಾರಿಯಲ್ಲಿ ಮೂರನೆಯ ಸಾಲಿಗೆ ಹೋಗಿ ಕೂತು ಮಂಡಿ, ತಲೆ ಎಲ್ಲ ಪರೀಕ್ಷೆ ಮಾಡಿದರು. ಕರ್ಟನ್ ಏರ್‌ಬ್ಯಾಗ್ ಹಿಂದಿನವರೆಗೂ ಇದೆ ಅಂತ ಬರೆದೇ ತೋರಿಸಿದರು. ಮೂರನೆಯ ಸಾಲಿನ ಅರ್ಧ ಮಡಚಿದರೆ ತಳ್ಳುಗಾಡಿ ಹಿಡಿಯುತ್ತದೆ. ಕೊಟೇಶನ್ ಇನ್ನೊಂದು ಕಡೆಯಿಂದಲೂ ತರಿಸಿದ್ದೇವೆ. ಬುಕ್ ಮಾಡುವುದು ಅದನ್ನೇ.

ಗಾಡಿ ಕೈಗೆ ಬರುವ ದಿನ ಏನೇನು ನೋಡಬೇಕು?

ಗ್ಯಾರೇಜ್‌ಕೈ:
ಒಳ್ಳೆಯ ಆಯ್ಕೆ. ಹಗಲು ಬೆಳಕಿನಲ್ಲೇ ತೆಗೆದುಕೊಳ್ಳಿ, ಒದ್ದೆ ಗಾಡಿ ಬೇಡ. ನೀರಿನ ಹನಿ ಗೀರನ್ನು ಮುಚ್ಚುತ್ತದೆ. ಗಾಡಿಯ ಗುರುತಿನ 17 ಅಕ್ಷರದ ವಿಐಎನ್ ಸಂಖ್ಯೆ ಗಾಡಿಯ ಮೇಲೂ ಎಲ್ಲ ಕಾಗದದಲ್ಲೂ ಒಂದೇ ಇದೆಯೇ ಅಕ್ಷರಕ್ಕೆ ಅಕ್ಷರ ನೋಡಿ. ಅದರಲ್ಲಿ ಐ, ಓ, ಕ್ಯೂ ಅಕ್ಷರ ಬರುವುದೇ ಇಲ್ಲ, ಹಾಗಾಗಿ ಓ ಥರ ಕಂಡರೆ ಸೊನ್ನೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ನಾಲ್ಕೂ ಟೈರು, ಸ್ಟೆಪ್ನಿ ಎಲ್ಲದರ ಮೇಲೂ ನೋಡಿ. ತುಂಬಾ ಹಳೆಯದಿದ್ದರೆ ಗಾಡಿ ಎಷ್ಟು ಕಾಲ ಯಾರ್ಡಿನಲ್ಲಿ ನಿಂತಿತ್ತು ಅಂತ ಕೇಳಿ. ಎರಡೂ ಕೀಲಿ, ಜಾಕ್, ಎಳೆಯುವ ಕೊಂಡಿ ಕೈಗೆ ಬಂದ ಮೇಲೇ ಸಹಿ.

ಸಂಜೆಗಾಳಿ:
ನಾವೂ ಇದೇ ಪಟ್ಟಿ ಹಿಡಿದು ಹೋಗುತ್ತೇವೆ. ಟೈರಿನ ಗಾಳಿ ಎಷ್ಟಿರಬೇಕು ಅನ್ನುವುದು ಎಲ್ಲಿರುತ್ತದೆ? ಟೈರಿನ ಮೇಲೆ ಬರೆದದ್ದೇ?

ಗ್ಯಾರೇಜ್‌ಕೈ:
ಅಲ್ಲ, ಟೈರಿನ ಮೇಲಿರುವುದು ಅದು ತಡೆಯುವ ಗರಿಷ್ಠ ಒತ್ತಡ. ನಿಮ್ಮ ಗಾಡಿಗೆ ಬೇಕಾದದ್ದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಸ್ಟಿಕ್ಕರ್‌ನಲ್ಲಿರುತ್ತದೆ. ಕೆಲವದರಲ್ಲಿ ಇಂಧನದ ಮುಚ್ಚಳದ ಒಳಗೆ. ತುಂಬು ಜನ ಕೂತಾಗ ಎಷ್ಟು, ಇಬ್ಬರಿದ್ದಾಗ ಎಷ್ಟು ಅಂತ ಬೇರೆಬೇರೆ ಕೊಟ್ಟಿರುತ್ತಾರೆ. ಕಾರ್ಖಾನೆಯಿಂದ ಸಾಗಿಸುವಾಗ ಜಾಸ್ತಿ ಗಾಳಿ ತುಂಬಿರುತ್ತಾರೆ. ಅದನ್ನು ಇಳಿಸದೇ ಕೊಟ್ಟರೆ ಗಾಡಿ ಕುಣಿಯುತ್ತದೆ, ಬ್ರೇಕಿನ ಹಿಡಿತವೂ ಕಡಿಮೆ. ಟೈರ್ ತಣ್ಣಗಿರುವಾಗಲೇ ಅಳೆಸಿ, ಆಮೇಲೆ ಹೊರಡಿ.